ಮೂವತ್ತೊಂದನೇ ಕಲ್ಲಿನ ಒಸರು

ಜನವರಿ ೧೧

ಅಪ್ಪನಿಗೆ,

ಈ ಕಾಗದವನ್ನು ಅಕ್ಕ ನಿಮ್ಮ ಕೈಗೆ ಕೊಡುವ ಮೊದಲು ತಾನೇ ಓದಿ ಮುಗಿಸಿರುತ್ತಾಳೆ ಎಂದು ಗೊತ್ತು. ಓದಲಿ ಬಿಡಿ. ನಿಮ್ಮ ಕಿವಿ ಕೇಳಿಸದಾದ ಮೇಲೆ, ನಾನು ಫೋನಿನಲ್ಲಿ ಅವಳಿಗೆ ಹೇಳಿ, ಅವಳು ಸ್ಲೇಟಿನ ಮೇಲೆ ಬರೆದು ನಿಮಗೆ ತೋರಿಸಿ, ನೀವು ಇಡೀ ಬೀದಿಗೆ ಕೇಳುವ ಹಾಗೆ ಕೂಗಿ ಉತ್ತರ ಕೊಡುವ ಪಜೀತಿಗಿಂತ ಇದೇ ವಾಸಿ.

ನೀವು ಇಪ್ಪತ್ತೆರಡು ವರ್ಷ ಇದ್ದ ಕೋಣೆಯಲ್ಲೇ ಇದ್ದೇನೆ. ನೀವು ಹೊಡೆದ ಮೊಳೆಗೇ ನನ್ನ ಕೋಟು ತೂಗುಹಾಕಿದ್ದೇನೆ. ಗೋಡೆಯಾಚೆ ಪಂಪಿನ ಗುಡುಗುಡು. ಅದು ನಿಂತರೆ ಮಾತ್ರ ಎಚ್ಚರವಾಗುತ್ತದೆ. ಪಂಪಿನ ಮಾವ ಚೆನ್ನಾಗಿದ್ದಾರೆ, ಈಗಲೂ ಪಂಪು ನಡೆಸುವುದು ಅವರೇ. "ನಿಮ್ಮಪ್ಪನ ಕಿವಿ ನಿಂಗೆ ಬಂದಿದೆ, ಬಾಯಿ ಮಾತ್ರ ಬರದೇ ಇರ್ಲಿ" ಅನ್ನುತ್ತಾರೆ.

ಇಷ್ಟು ದಿನ ನನಗೆ ಪೈಪಿನ ಪಕ್ಕದ ಇಪ್ಪತ್ತೆಂಟನೇ ಗುರುತಿನ ಕಲ್ಲಿನವರೆಗೆ ಮಾತ್ರ ಸೋರಿಕೆ ಹುಡುಕುವ ಕೆಲಸವಿತ್ತು. ಈ ತಿಂಗಳಿಂದ ನಲವತ್ತೈದು ಕಲ್ಲೂ, ಒಂಬತ್ತು ಕಿಲೋಮೀಟರ್ ಪೈಪೂ ನನ್ನ ಪಾಲಿಗೆ ಬಂದಿವೆ. ಇಪ್ಪತ್ತೆಂಟು ದಾಟಿದ ಮೇಲೆ ಕಾಡು ಪೈಪಿನ ಎರಡೂ ಪಕ್ಕಕ್ಕೆ ಒತ್ತಿಕೊಂಡು ಬರುತ್ತದೆ. ಅಲ್ಲಿ ನೆಲದ ಕಲ್ಲುಗಳು ಮಗುಚಿ ಬಿದ್ದಿವೆ. ಗೆದ್ದಲಗೂಡು ಒಡೆದಿದೆ. ಒಂದು ಮರದ ಕಂಬದ ಮೇಲೆ, ನನ್ನ ತಲೆಗಿಂತ ಎತ್ತರದಲ್ಲಿ, ಐದು ಉಗುರಿನ ಗೀರುಗಳಿವೆ. ಫಾರೆಸ್ಟ್ ಗಾರ್ಡನ್ನು ಕರೆದು ತೋರಿಸಿದೆ.

"ಕರಡಿ," ಅಂದರು ಅವರು. "ಒಬ್ರೇ ಹೋಗ್ಬೇಡಿ. ಬೆಳಗ್ಗೆ ಬೇಗ ಬೇಡ, ಸಂಜೆ ಮೇಲೆ ಬೇಡ. ಸೊಂಟಕ್ಕೆ ಗಂಟೆ ಕಟ್ಕೊಳ್ಳಿ, ತಿರುವು ಬಂದಾಗ ಜೋರಾಗಿ ಮಾತಾಡ್ತಾ ಹೋಗಿ. ನೀವು ಬರೋದು ಮೊದ್ಲೇ ಗೊತ್ತಾದ್ರೆ ಅದೇ ಸರಿದು ಹೋಗತ್ತೆ. ದಿಢೀರ್ ಅಂತ ಎದುರಾದ್ರೇನೇ ಕಷ್ಟ."

ನಮ್ಮ ಕೆಲಸ ಅವರಿಗೆ ಹೇಗೆ ಗೊತ್ತಾಗಬೇಕು? ಕಬ್ಬಿಣದ ಕೋಲಿನ ಒಂದು ತುದಿ ಪೈಪಿಗೆ, ಇನ್ನೊಂದು ತುದಿ ಕಿವಿಗೆ ಇಟ್ಟು ಉಸಿರು ಬಿಗಿಹಿಡಿದು ಕೂತರೆ ತಾನೆ ಸೋರಿಕೆಯ ಸದ್ದು ಸಿಗುವುದು. ಗಂಟೆ ಕಟ್ಟಿಕೊಂಡರೆ ಪೈಪು ನನಗೆ ಕೇಳಿಸುವುದಿಲ್ಲ, ಕಟ್ಟಿಕೊಳ್ಳದಿದ್ದರೆ ನಾನು ಕರಡಿಗೆ ಕೇಳಿಸುವುದಿಲ್ಲ.

ನೀವು ಇಷ್ಟು ವರ್ಷ ಅದೇ ದಾರಿಯಲ್ಲಿ ಒಬ್ಬರೇ ನಡೆದಿರಿ. ಒಂದು ದಿನವಾದರೂ ಕರಡಿ ಕಂಡಿತ್ತೇ? ಭಯವಾಗಿತ್ತೇ? ನನಗೆ ಆಗುತ್ತಿದೆ ಅಪ್ಪ. ಇಪ್ಪತ್ತೊಂಬತ್ತನೇ ಕಲ್ಲು ಕಂಡ ಕೂಡಲೇ ಅಂಗೈ ಬೆವರಿ ಕೋಲು ಜಾರುತ್ತದೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲವೇನೋ.

ನಿಮ್ಮ
ಇಲಿಕಿವಿ


ಜನವರಿ ೧೯

ಇಲಿಕಿವಿಗೆ,

ಕರಡಿಯೂ ಇಲ್ಲ, ಗಿರಡಿಯೂ ಇಲ್ಲ. ಆ ಗಾರ್ಡಿಗೆ ಹುಲ್ಲು ಅಲುಗಿದರೂ ಹುಲಿ. ಕಲ್ಲು ಮಗುಚುವುದು ಹಂದಿಯ ಕೆಲಸ. ಕಂಬದ ಗೀರು ನಿನ್ನ ತಲೆಗಿಂತ ಎತ್ತರದಲ್ಲಿದೆ ಅಂದೆ. ನಿನ್ನ ತಲೆ ಇರುವುದೇ ಎಷ್ಟು ಎತ್ತರದಲ್ಲಿ?

ಇಪ್ಪತ್ತೆರಡು ವರ್ಷ ನಡೆದಿದ್ದೇನೆ. ಒಂದು ಸಲವೂ ಕಂಡಿಲ್ಲ. ಭಯ ಅನ್ನುವುದು ನನ್ನ ಜಾಯಮಾನದಲ್ಲೇ ಇಲ್ಲ, ನಿನಗೆ ಎಲ್ಲಿಂದ ಬಂತೋ. 'ಒಂದು ಹನಿ ಪೋಲಾಗದ ಲೈನು' ಎಂದು ಕಚೇರಿಯವರು ಕೊಟ್ಟ ಫಲಕ ಇಲ್ಲಿ ಅಕ್ಕನ ಮನೆಯ ಬಾಗಿಲ ಮೇಲಿದೆ. ಅದನ್ನು ಗಂಟೆ ಕಟ್ಟಿಕೊಂಡು ಕುಣಿದವನಿಗೆ ಕೊಡಲಿಲ್ಲ. ಸುಮ್ಮನಿದ್ದವನಿಗೆ ಕೊಟ್ಟರು.

ಇನ್ನೊಂದು ಮಾತು. ಮೂವತ್ತರಿಂದ ಮೂವತ್ತೆರಡನೇ ಕಲ್ಲಿನ ನಡುವೆ ಕೂತು ಕೇಳುವ ಅಗತ್ಯವಿಲ್ಲ. ಅಲ್ಲಿನ ಜಾಯಿಂಟುಗಳನ್ನು ನಾನೇ ಕೈಯಾರೆ ಬಿಗಿ ಮಾಡಿದ್ದೇನೆ. ಅಲ್ಲಿ ನಿಲ್ಲಬೇಡ, ದಾಟಿ ಹೋಗು. ಬಿಸಿಲು ಚೆನ್ನಾಗಿ ಏರಿದ ಮೇಲೆಯೇ ದಾಟು.

ಅಕ್ಕನ ಅಡುಗೆಗೆ ಉಪ್ಪು ಸಾಲದು. ಹೀಗೆ ಬರೆದೆ ಎಂದು ಅವಳಿಗೆ ಹೇಳಬೇಡ. ಅಂಚೆಗೆ ಹಾಕುವ ಮುಂಚೆ ಓದಿಯೇ ಇರುತ್ತಾಳೆ.

ಅಪ್ಪ


ಫೆಬ್ರವರಿ ೮

ಅಪ್ಪನಿಗೆ,

ಕೋಪ ಮಾಡಿಕೊಳ್ಳಬೇಡಿ. ಮೂವತ್ತೊಂದರಲ್ಲಿ ಕೂತು ಕೇಳಿದೆ. ನೀವೇ ಕಲಿಸಿದ್ದೀರಲ್ಲ, ಯಾರ ಮಾತನ್ನೂ ನಂಬಬೇಡ, ಪೈಪಿನ ಮಾತನ್ನು ಮಾತ್ರ ನಂಬು ಎಂದು.

ಕೋಲು ಇಟ್ಟ ಕೂಡಲೇ ಸದ್ದು ಸಿಕ್ಕಿತು. ಪೊದೆ ಸರಿಸಿ ನೋಡಿದರೆ ಜಾಯಿಂಟಿನ ಕೆಳಗೆ ನೀರು ಒಸರಿ, ಬುಟ್ಟಿಯಗಲದ ಗುಂಡಿಯಾಗಿ ನಿಂತಿದೆ. ಸುತ್ತಲೂ ಜೊಂಡು ಬೆಳೆದಿದೆ. ನಾಲ್ಕು ನಟ್ಟು ಸಡಿಲವಾಗಿದ್ದವು. ಕೋಟಿನ ಜೇಬಿನಿಂದ ನಿಮ್ಮ ಹಳೆಯ ಸ್ಪ್ಯಾನರ್ ತೆಗೆದು ಬಿಗಿ ಮಾಡಿದೆ. ಸದ್ದು ನಿಂತಿತು. ಒಂದು ಕ್ಷಣ ಎಷ್ಟು ಹೆಮ್ಮೆಯಾಯಿತೆಂದರೆ ಕರಡಿಯನ್ನೇ ಮರೆತಿದ್ದೆ.

ಎದ್ದಾಗ ಕೆಸರಿನಲ್ಲಿ ಹೆಜ್ಜೆ ಕಂಡಿತು. ಮನುಷ್ಯನ ಪಾದದಂತೆಯೇ ಇತ್ತು, ಹಿಮ್ಮಡಿ ಸಮೇತ. ಆದರೆ ಬೆರಳಿನ ಮುಂದೆ ಉಗುರಿನ ಗುಳಿಗಳು. ಬರುವಾಗ ದಾರಿಯುದ್ದಕ್ಕೂ ಗಂಟಲು ಕಿತ್ತುಕೊಂಡು ಮಗ್ಗಿ ಹೇಳುತ್ತಾ ಬಂದೆ. ಹದಿನೇಳರ ಮಗ್ಗಿ ನನಗೆ ಇನ್ನೂ ಬರುವುದಿಲ್ಲ.

ಆ ಜೊಂಡು ಒಂದೆರಡು ತಿಂಗಳಲ್ಲಿ ಬೆಳೆದದ್ದಲ್ಲ. ನಿಮ್ಮ ಕಾಲದಲ್ಲಿ ಅಲ್ಲಿ ಸೋರುತ್ತಿತ್ತೇ? ಕಚೇರಿಗೆ ನಾನು ಏನೂ ಹೇಳಿಲ್ಲ, ನಿಮ್ಮ ಹೆಸರಿಗೆ ಮಸಿ ಅಂಟಬಾರದೆಂದು. ನನಗೆ ಮಾತ್ರ ಹೇಳಿ. ಅಲ್ಲಿ ನೀವು ಯಾವತ್ತೂ ಏನನ್ನೂ ಕಂಡಿರಲಿಲ್ಲವೇ?

ನಿಮ್ಮ
ಇಲಿಕಿವಿ


ಫೆಬ್ರವರಿ ೧೪

ಮಗಳಿಗೆ,

ಆ ನಟ್ಟನ್ನು ಮುಟ್ಟಬಾರದಿತ್ತು. ಹಳೆಯ ಪೈಪು, ಅತಿಯಾಗಿ ಬಿಗಿದರೆ ಸೀಳುತ್ತದೆ. ನಾಳೆಯೇ, ಮಧ್ಯಾಹ್ನದ ಬಿಸಿಲಲ್ಲಿ, ಮಾವನನ್ನು ಜೊತೆಗೆ ಕರೆದುಕೊಂಡು ಹೋಗಿ ನಾಲ್ಕನ್ನೂ ಅರ್ಧ ಸುತ್ತು ಸಡಿಲಿಸಿ ಬಾ. ಯಾರಿಗೂ ಹೇಳಬೇಡ, ಕಾರಣ ಕೇಳಬೇಡ. ನಾನು ಹೇಳುತ್ತಿದ್ದೇನೆ, ಅಷ್ಟು ಸಾಕು.

ನಿನ್ನ ಕೋಣೆಯ ಬಾಗಿಲಿಗೂ ಪಂಪಿನ ಕೋಣೆಯ ಬಾಗಿಲಿಗೂ ಒಳಗಿನಿಂದ ಅಡ್ಡಪಟ್ಟಿ ಹಾಕಿಸಿಕೋ. ಹೊರಗಿನ ತೊಟ್ಟಿಯಲ್ಲಿ ನೀರು ನಿಲ್ಲಿಸಬೇಡ.

ಅಪ್ಪ


ಮಾರ್ಚ್ ೪

ಅಪ್ಪನಿಗೆ,

ನಲ್ಲಿಯಿಂದ ಒಂದು ಹನಿ ತೊಟ್ಟಿಕ್ಕಿದ್ದಕ್ಕೆ ನನ್ನ ಕಿವಿ ಹಿಂಡಿದವರು ನೀವು. ಈಗ ನೀವೇ ನಟ್ಟು ಸಡಿಲಿಸು ಅನ್ನುತ್ತೀರಿ. ನಾನು ಸಡಿಲಿಸಲಿಲ್ಲ.

ಆ ಕರಡಿ ನಿನ್ನೆ ಇಲ್ಲಿಗೇ ಬಂದಿತ್ತು. ಮಧ್ಯಾಹ್ನ ಮೂರು ಗಂಟೆ. ನಾನು ಪಂಪಿನ ಕೋಣೆಯಲ್ಲಿ ರಿಜಿಸ್ಟರ್ ಬರೆಯುತ್ತಿದ್ದೆ, ಮಾವ ಮೋಟರಿಗೆ ಎಣ್ಣೆ ಹಾಕುತ್ತಿದ್ದರು. ಹೊರಗೆ ತೊಟ್ಟಿ ದಬಕ್ಕನೆ ಮಗುಚಿದ ಸದ್ದಾಯಿತು. ಕಿಟಕಿಯ ಜಾಲರಿಯಲ್ಲಿ ನೋಡಿದೆ. ಕಪ್ಪಗೆ, ಜೂಲು ಕೆದರಿಕೊಂಡು, ನಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸುತ್ತಿತ್ತು. ನಲ್ಲಿ ಕಿತ್ತು ಬಂತು. ಮೊಣಕಾಲು ನೋವೆಂದು ಆರು ತಿಂಗಳಿಂದ ಕುಂಟುವ ಮಾವ ಒಂದೇ ನೆಗೆತಕ್ಕೆ ಮೋಟರಿನ ಕಟ್ಟೆಯ ಮೇಲಿದ್ದರು. ಇವತ್ತು ಬರೆಯುವಾಗ ನಗು ಬರುತ್ತಿದೆ. ನಿನ್ನೆ ಬರಲಿಲ್ಲ.

ಅದು ಬಾಗಿಲಿಗೆ ಬಂತು. ಬಾಗಿಲಿನ ಕೆಳಗಿನ ಸಂದಿಗೆ ಮೂತಿ ಇಟ್ಟು ಉಸಿರು ಎಳೆದುಕೊಂಡಿತು. ಆ ಉಸಿರಿಗೆ ನೆಲದ ಮೇಲಿನ ಧೂಳು ಸರಿದಾಡಿತು. ನಾನು ನೀವು ಹೇಳಿದ್ದ ಅಡ್ಡಪಟ್ಟಿಯನ್ನು ಎರಡೂ ಕೈಯಿಂದ ಒತ್ತಿಹಿಡಿದು ನಿಂತಿದ್ದೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅದು ಹೋದ ಮೇಲೂ ಕೈ ಬಿಡಿಸಲು ಮಾವ ಬರಬೇಕಾಯಿತು.

ಗಾರ್ಡ್ ಬಂದು ಹೆಜ್ಜೆ ನೋಡಿದರು. "ಇದು ಎಲ್ಲೋ ಒಂದ್ಕಡೆ ನೀರು ಕುಡಿದು ಅಭ್ಯಾಸ ಆದದ್ದು. ಈಗ ಅಲ್ಲಿ ಸಿಗ್ತಿಲ್ಲ, ಹುಡುಕ್ತಿದೆ. ಪೈಪಿನ ವಾಸ್ನೆ ಹಿಡ್ಕೊಂಡು ಬಂದಿದೆ. ಇಲ್ಲಿ ಯಾರಾದ್ರೂ ಇದಕ್ಕೆ ನೀರಿಡ್ತಿದ್ರಾ?" ಎಂದು ಕೇಳಿದರು.

ಇಲ್ಲ ಅಂದೆ. ಅವರ ಮುಖ ನೋಡಿಕೊಂಡೇ ಇಲ್ಲ ಅಂದೆ, ಅಪ್ಪ.

ಅಡ್ಡಪಟ್ಟಿ ಹಾಕಿಸು, ತೊಟ್ಟಿಯಲ್ಲಿ ನೀರು ನಿಲ್ಲಿಸಬೇಡ ಎಂದು ನೀವು ಬರೆದದ್ದು ಅದು ಬರುವುದಕ್ಕೆ ಎರಡು ವಾರ ಮೊದಲು. ಕಂಡೇ ಇಲ್ಲದ ಕರಡಿ ಇಲ್ಲಿಗೆ ಬರುತ್ತದೆಂದು ನಿಮಗೆ ಹೇಗೆ ಗೊತ್ತಾಯಿತು? ಮೂರನೇ ಸಲ ಕೇಳುತ್ತಿದ್ದೇನೆ.

ನಿಮ್ಮ ಮಗಳು


ಮಾರ್ಚ್ ೧೦

ಮಗಳಿಗೆ,

ಕೆಲಸ ಬಿಟ್ಟು ಬಾ. ಈ ಕಾಗದ ಸಿಕ್ಕಿದ ದಿನವೇ ಹೊರಡು. ಅಕ್ಕನ ಮನೆಯಲ್ಲಿ ಜಾಗವಿದೆ, ನಾನು ಹಜಾರದಲ್ಲಿ ಮಲಗುತ್ತೇನೆ. ಜನ ನಕ್ಕರೆ ನಗಲಿ.

ನಾಲ್ಕು ದಿನದಿಂದ ಬರೆದು ಬರೆದು ಹರಿದೆ. ಇಷ್ಟೇ ಬರೆಯಲಾದದ್ದು. ಬಾ.

ಅಪ್ಪ


ಏಪ್ರಿಲ್ ೩

ಅಪ್ಪನಿಗೆ,

ಅಕ್ಷರ ಪಂಪಿನ ಮಾವನದು, ಮಾತು ನನ್ನದು. ನನ್ನ ಬಲಗೈಗೆ ಪಟ್ಟಿ ಕಟ್ಟಿದ್ದಾರೆ. ಭುಜದಿಂದ ಬೆನ್ನಿನವರೆಗೆ ಹೊಲಿಗೆ ಬಿದ್ದಿದೆ. ಜೀವಕ್ಕೆ ಅಪಾಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅಕ್ಕ, ನೀನು ಮೊದಲು ಆ ವಾಕ್ಯ ಓದು.

ನಾನು ಕೆಲಸ ಬಿಡಲಿಲ್ಲ. ಒಂದು ಏರ್ಪಾಡು ಮಾಡಿಕೊಂಡಿದ್ದೆವು. ಮೇಲಿನ ಟ್ಯಾಂಕು ತುಂಬಿ ಪಂಪು ನಿಂತ ಹೊತ್ತಿನಲ್ಲಿ ಮಾವ ಖಾಲಿ ಡಬ್ಬ ಬಡಿಯುತ್ತಾ ನನ್ನ ಹಿಂದೆ ಬರುವುದು. ನಾನು ಕೈ ಎತ್ತಿದರೆ ನಿಲ್ಲಿಸುವುದು. ನಾನು ಕೋಲು ಇಟ್ಟು ಕೇಳುವುದು, ಕೈ ಇಳಿಸಿದರೆ ಮತ್ತೆ ಬಡಿಯುವುದು. ಮೂರು ವಾರ ಚೆನ್ನಾಗಿಯೇ ನಡೆಯಿತು.

ಮೊನ್ನೆ ಮೂವತ್ತಮೂರನೇ ಕಲ್ಲಿನ ತಿರುವಿನ ಈಚೆಗೆ ಕೈ ಎತ್ತಿದೆ. ಡಬ್ಬ ನಿಂತಿತು. ಮಂಡಿಯೂರಿ ಕೋಲಿಗೆ ಕಿವಿ ಕೊಟ್ಟೆ. ನೀರಿನ ಸದ್ದಲ್ಲ, ಕೆರೆಯುವ ಸದ್ದು. ಪರಕ್, ಪರಕ್. ಪೈಪಿನೊಳಗಿಂದ ಬಂದು ನನ್ನ ಹಲ್ಲಿನವರೆಗೂ ತಾಗಿತು. ಅದೇನೆಂದು ತಲೆಗೆ ಹೊಳೆಯುವ ಮೊದಲೇ ತಲೆ ಎತ್ತಿದ್ದೆ. ಹತ್ತು ಹೆಜ್ಜೆ ದೂರದಲ್ಲಿ ಅದು ಜಾಯಿಂಟನ್ನು ಕೆದಕುತ್ತಿತ್ತು. ಹಿಂದೆ ಒಂದು ಮರಿ.

ಗಾರ್ಡ್ ಹೇಳಿದ್ದನ್ನೆಲ್ಲ ಮಾಡಿದೆ. ಓಡಲಿಲ್ಲ. ಬೆನ್ನು ತಿರುಗಿಸಲಿಲ್ಲ. ಕಣ್ಣಿಗೆ ಕಣ್ಣಿಟ್ಟು ನೋಡಲಿಲ್ಲ. ಮೆಲ್ಲಗೆ ಎದ್ದು, ಮೆಲ್ಲಗೆ ಮಾತಾಡುತ್ತಾ ಹಿಂದಕ್ಕೆ ಹೆಜ್ಜೆ ಇಟ್ಟೆ. "ನಾನು ಹೋಗ್ತಿದೀನಿ ತಾಯಿ, ನೀನು ಕುಡಿ, ನಿನ್ ಪಾಡಿಗೆ ನೀನಿರು" ಅಂದೆ. ನಾಲ್ಕು ಹೆಜ್ಜೆ ಸರಿಯಾಗಿ ಬಿದ್ದವು. ಐದನೆಯದು ಮಗುಚಿದ ಕಲ್ಲಿನ ಮೇಲೆ ಬಿತ್ತು. ನಾನು ಜಾರಿದೆ, ಅದು ನುಗ್ಗಿತು.

ಬೋರಲು ಬಿದ್ದು, ಕಾಲು ಅಗಲಿಸಿ, ಎರಡೂ ಕೈ ಕತ್ತಿನ ಹಿಂದೆ ಹೆಣೆದುಕೊಂಡೆ. ಬೆನ್ನ ಮೇಲೆ ಚೀಲವಿತ್ತು, ಅದರಿಂದ ಬದುಕಿದೆ. ಒಂದು ಸಲ ಹೊಡೆಯಿತು. ಒಂದು ಸಲ ಹೊರಳಿಸಲು ನೋಡಿತು, ಮತ್ತೆ ಬೋರಲಾದೆ. ಅದರ ಜೊಲ್ಲು ನನ್ನ ಕಿವಿಯ ಮೇಲೆ ಬಿಸಿಯಾಗಿ ಬಿತ್ತು. ಕೂಗಲಿಲ್ಲ. ಮಾವ ಡಬ್ಬ ಬಡಿಯುತ್ತಾ ಅಳುತ್ತಾ ಬರುತ್ತಿದ್ದದ್ದು ಕೇಳಿಸಿತು. (ಮಾವ ಇದನ್ನು ಬರೆಯಲು ಒಪ್ಪುತ್ತಿಲ್ಲ. ಬರೀರಿ ಮಾವ.) ಸದ್ದು ಹತ್ತಿರವಾದಂತೆ ಅದು ಮರಿಯ ಹಿಂದೆ ಹೋಯಿತು. ಮಾವ ಬಂದು ಮುಟ್ಟುವವರೆಗೆ ನಾನು ಅಲುಗಲಿಲ್ಲ.

ಮಣ್ಣಿಗೆ ಮುಖ ಒತ್ತಿಕೊಂಡು ಬಿದ್ದಿದ್ದಾಗ ಒಂದೇ ಯೋಚನೆ. ಮೂರು ಸಲ ಕೇಳಿದ್ದೆನಲ್ಲ.

ಆಸ್ಪತ್ರೆಯಲ್ಲಿ ಮಲಗಿ ಅದನ್ನೇ ಲೆಕ್ಕ ಹಾಕಿದೆ. ನಿಮ್ಮ ಸ್ಪ್ಯಾನರಿನ ಒಂದು ದವಡೆ ಮುರಿದಿದೆ. ಅದು ನಟ್ಟಿನ ಮೂಲೆಯನ್ನು ತಿನ್ನುತ್ತದೆ. ಮೂವತ್ತೊಂದರ ನಾಲ್ಕೂ ನಟ್ಟುಗಳ ಮೂಲೆ ಸವೆದು ದುಂಡಾಗಿವೆ. ಒಂದು ಸಲ ಬಿಗಿ ಮಾಡಿದ ನಟ್ಟು ಹಾಗಾಗುವುದಿಲ್ಲ. ವರ್ಷಾವರ್ಷ ತಿರುವಿದರೆ ಮಾತ್ರ ಆಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದದ್ದು ನನಗೆ ಗೊತ್ತಾಗಿದೆ. ಯಾಕೆಂದು ಮಾತ್ರ ಗೊತ್ತಾಗಿಲ್ಲ.

ಯಾಕೆಂದು ಆಮೇಲೆ ಹೇಳಿ. ಈಗ ಒಂದನ್ನು ಹೇಳಿ. ಅದು ಕೆದಕಿದ ಜಾಯಿಂಟು ಹಾಳಾಗಿದೆ. ಹತ್ತನೇ ತಾರೀಕು ನಾಲ್ಕು ಜನರ ರಿಪೇರಿ ತಂಡ ನಲವತ್ತೈದನೇ ಕಲ್ಲಿನವರೆಗೂ ಹೋಗುತ್ತದೆ. ಅವರಲ್ಲಿ ಇಬ್ಬರಿಗೆ ಚಿಕ್ಕ ಮಕ್ಕಳಿದ್ದಾರೆ. ಮೂವತ್ತೊಂದರಂಥ ಜಾಗ ಇನ್ನೂ ಎಲ್ಲಾದರೂ ಇದೆಯೇ? ಇದ್ದರೆ ಅದು ಮರಿ ಕಟ್ಟಿಕೊಂಡು ಅಲ್ಲಿಯೇ ಇರುತ್ತದೆ. ನನಗೆ ಹೇಳುವುದು ಬೇಡ, ಇಂಜಿನಿಯರ್ ಸಾಹೇಬರಿಗೆ ಹೇಳಿ.

ನಿಮ್ಮ ಮಗಳು


ಏಪ್ರಿಲ್ ೬

ಮಗಳಿಗೆ,

ಇದೆ. ಮೂವತ್ತೊಂಬತ್ತನೇ ಕಲ್ಲಿನ ಮೋರಿಯ ಹಿಂದೆ, ಚಪ್ಪಟೆ ಬಂಡೆಯ ಕೆಳಗೆ. ಅದೂ ನಾನೇ ಸಡಿಲಿಸಿದ್ದು, ಹನಿಹನಿ ಜಿನುಗುವಷ್ಟೇ, ಕೋಲಿಗೂ ಕೇಳಿಸದು, ಕರಡಿಗೆ ಅದೊಂದೇ ಸಾಲದು. ಈ ಕಾಗದ ನಿನಗೆ ಸಿಗುವ ಮೊದಲೇ ಅದು ಇಂಜಿನಿಯರ್ ಸಾಹೇಬರಿಗೆ ಗೊತ್ತಾಗಿರುತ್ತದೆ. ಇವತ್ತು ಬೆಳಗ್ಗೆ ಅಕ್ಕನ ಕೈಯಲ್ಲಿ ಫೋನು ಮಾಡಿಸಿದೆ. ಅವಳೇ ಹೇಳುತ್ತೇನೆ ಅಂದಳು. ನಾನು ಬಿಡಲಿಲ್ಲ, ಫೋನು ಕಿತ್ತುಕೊಂಡು ನಾನೇ ಹೇಳಿದೆ. ಆ ಕಡೆ ಯಾರು ಕೇಳುತ್ತಿದ್ದಾರೆ, ಏನನ್ನುತ್ತಿದ್ದಾರೆ, ಏನೂ ತಿಳಿಯದು. ಗೋಡೆಗೆ ಹೇಳಿದ ಹಾಗೆ ಎಲ್ಲವನ್ನೂ ಹೇಳಿದೆ. ಕೆಳಗಿನ ಮನೆಯವರು ಮೆಟ್ಟಿಲ ಮೇಲೆ ಬಂದು ನಿಂತಿದ್ದರಂತೆ. ಮುಗಿಸಿ ಫೋನನ್ನು ಅಕ್ಕನ ಕಿವಿಗೆ ಹಿಡಿದೆ. ಅವಳು ಕೇಳಿಸಿಕೊಂಡು ಸ್ಲೇಟಿನ ಮೇಲೆ ಬರೆದಳು: 'ತಂಡವನ್ನು ನಿಲ್ಲಿಸಿದ್ದಾರೆ. ಎಷ್ಟು ವರ್ಷದಿಂದ ಎಂದು ಕೇಳಿದರು.' ನಾನು ಮತ್ತೆ ಫೋನು ತೆಗೆದುಕೊಂಡು "ಹದಿನೆಂಟು ವರ್ಷ ಸಾರ್" ಅಂದೆ. ಅಷ್ಟರಲ್ಲಿ ಅವರು ಇಟ್ಟಾಗಿತ್ತಂತೆ. ಆಮೇಲೆ ಅಕ್ಕ ಸ್ಲೇಟು ಮುಟ್ಟಿಲ್ಲ.

ಯಾಕೆಂದು ನೀನು ಕೇಳಿದೆ. ನಿನಗೆ ಆಗ ಐದು ವರ್ಷ. ಬೇಸಿಗೆ. ಪಂಪಿನ ಕೋಣೆಯ ಮುಂದೆ ತೊಟ್ಟಿಯಲ್ಲಿ ನೀನು ಕಾಲಾಡಿಸುತ್ತಾ ಕೂತಿದ್ದೆ. ನಾನು ಲೈನು ಮುಗಿಸಿ ಬರುವಾಗ ತೊಟ್ಟಿಯ ಆಚೆ ಬದಿಯಲ್ಲಿ ಕರಡಿ ನೀರು ಕುಡಿಯುತ್ತಿತ್ತು. ನೀನು ಅದನ್ನು ನೋಡಿ ನಗುತ್ತಿದ್ದೆ. ನನಗೆ ಕಾಲು ಬರಲಿಲ್ಲ ಮಗಳೇ. ಕೂಗಲೂ ಇಲ್ಲ, ಓಡಿ ಬರಲೂ ಇಲ್ಲ. ಕಂಬದ ಹಾಗೆ ನಿಂತಿದ್ದೆ. ಅದು ಕುಡಿದು ತಾನಾಗಿ ಹೋಯಿತು. ಮಾರನೇ ದಿನ ಮೂವತ್ತೊಂದರ ನಟ್ಟು ಸಡಿಲಿಸಿದೆ. ಅಲ್ಲಿ ನೀರು ಸಿಕ್ಕಿದರೆ ಮನೆಯ ಹತ್ತಿರ ಬರುವುದಿಲ್ಲ ಎಂದುಕೊಂಡೆ. ಬರಲೂ ಇಲ್ಲ. ಆಮೇಲೆ ಪ್ರತಿ ಬೇಸಿಗೆಗೂ ಅದನ್ನೇ ಮಾಡಿದೆ. ಆಗಿನದು ಸತ್ತಿರಬೇಕು. ಅದರ ಮಗಳೋ ಮೊಮ್ಮಗಳೋ ಈಗ ಬರುತ್ತಿರುವುದು. ನಿನ್ನನ್ನು ದೂರವಿಡಲು ಹೋಗಿ ಅದರ ಸಂತತಿಗೇ ನಿನ್ನ ದಾರಿ ಕಲಿಸಿದೆ.

ಕಚೇರಿಯವರು ಹೊಗಳಲು ಶುರು ಮಾಡಿದ ಮೇಲೆ ಬಾಯಿ ಬಿಡಲು ಆಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎಂದು ಮಾನ ಉಳಿಸಿಕೊಂಡೆ. ಅದನ್ನು ನಿನ್ನ ಬೆನ್ನ ಚರ್ಮದಿಂದ ಉಳಿಸಿಕೊಂಡೆ.

ಭಯ ನನ್ನ ಜಾಯಮಾನದಲ್ಲಿಲ್ಲ ಎಂದು ಬರೆದೆನಲ್ಲ. ಸುಳ್ಳು. ದಿನಾ ಬೆಳಗ್ಗೆ ಹೊರಡುವ ಮೊದಲು ಪಂಪಿನ ಕೋಣೆಯ ಹಿಂದೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದೆ. ಯಾರಿಗೂ ಗೊತ್ತಿಲ್ಲ. ಆ ತೊಟ್ಟಿಯ ದಿನದಿಂದ ಕೊನೆಯ ದಿನದವರೆಗೂ.

ಅಕ್ಕನ ಜೊತೆ ನಿನ್ನನ್ನು ನೋಡಲು ಬರಲೇ? ಬೇಡವೆಂದರೆ ಬರುವುದಿಲ್ಲ.

ಅಪ್ಪ


ಏಪ್ರಿಲ್ ೧೭

ಅಪ್ಪನಿಗೆ,

ಎಡಗೈಯಲ್ಲಿ ನಾನೇ ಬರೆಯುತ್ತಿದ್ದೇನೆ, ಅಕ್ಷರ ಕಾಗೆಕಾಲಾಗಿದೆ.

ಗಾರ್ಡ್ ಮತ್ತು ಅವರ ಜನ ದೂರದ ದಿಬ್ಬದಿಂದ ದುರ್ಬೀನಿನಲ್ಲಿ ನೋಡಿದರು. ಮೂವತ್ತೊಂಬತ್ತರ ಬಂಡೆಯ ನೆರಳಲ್ಲಿ ತಾಯಿ, ಮರಿ ಎರಡೂ ಮಲಗಿದ್ದವಂತೆ. ತಂಡ ಹತ್ತನೇ ತಾರೀಕು ಹೊರಟಿದ್ದರೆ ನೇರ ಅವುಗಳ ಮೇಲೇ ಹೋಗಿ ಬೀಳುತ್ತಿತ್ತು. ಈಗ ಲೈನಿಗೆ ಒಂದು ತಿಂಗಳು ಯಾರೂ ಹೋಗುವಂತಿಲ್ಲ. ಕಾಡಿನೊಳಗೆ, ಪೈಪಿನಿಂದ ದೂರ, ಅರಣ್ಯದವರೇ ನೀರಿನ ಗುಂಡಿ ತೋಡುತ್ತಿದ್ದಾರೆ. ಅವು ಅದನ್ನು ಕಂಡುಕೊಂಡ ಮೇಲೆ ನಮ್ಮ ಒಸರನ್ನು ಮುಚ್ಚುತ್ತಾರೆ. ತಂಡದವರೊಬ್ಬರ ಹೆಂಡತಿ ಆಸ್ಪತ್ರೆಗೆ ಬಂದು ನನ್ನ ಹಾಸಿಗೆಯ ಪಕ್ಕ ಅರ್ಧ ಗಂಟೆ ಕೂತು ಹೋದರು.

ಅಕ್ಕ ಬರಲಿ. ನೀವು ಈಗಲೇ ಬರಬೇಡಿ. ನಿಮ್ಮ ಮುಖ ನೋಡಿದರೆ ಕ್ಷಮಿಸಿಬಿಡುತ್ತೇನೆ, ಅಷ್ಟು ಬೇಗ ಕ್ಷಮಿಸಲು ನನಗೆ ಇಷ್ಟವಿಲ್ಲ.

ಹೊಲಿಗೆ ಬಿಚ್ಚಿ, ಕೈ ಮೊದಲಿನಂತಾದರೆ ಲೈನಿಗೆ ಮರಳುತ್ತೇನೆ. ಜೊತೆಗೆ ಇನ್ನೊಬ್ಬರನ್ನು ಕೊಡುತ್ತೇವೆ ಎಂದಿದ್ದಾರೆ. ಆದರೂ ಕಣ್ಣು ಮುಚ್ಚಿದರೆ ಆ ಕೆರೆಯುವ ಸದ್ದೇ ಕೇಳಿಸುತ್ತದೆ. ಕೋಲು ಹಿಡಿಯುವುದು, ಕಿವಿ ಕೊಡುವುದು, ನಟ್ಟು ತಿರುವುವುದು, ಎಲ್ಲವನ್ನೂ ನೀವು ಕಲಿಸಿದಿರಿ. ವಾಂತಿ ಮಾಡಿಕೊಂಡು, ಬಾಯಿ ತೊಳೆದುಕೊಂಡು, ಆಮೇಲೆ ಮೊದಲನೇ ಹೆಜ್ಜೆಯನ್ನು ಹೇಗೆ ಇಡುತ್ತಿದ್ದಿರಿ? ಅದೊಂದನ್ನು ಕಲಿಸಲಿಲ್ಲ. ಅದನ್ನು ಬರೆಯಿರಿ. ಏನನ್ನೂ ಬಿಡದೆ ಬರೆಯಿರಿ.

ಇಲಿಕಿವಿ